ಕರೆಂಟಿನ ಹೊಣೆ ಯಾರದು?

ಬ್ರಿಟನ್ನಿನ ಹಳೆಯ ದೂರವಾಣಿ ಜಾಲಕ್ಕೆ ಈಗ ಗೊತ್ತುಮಾಡಿರುವ ಕೊನೆಯ ದಿನ 2027ರ ಜನವರಿ 31. ಮೊದಲಿನ ಗಡುವು 2025ರ ಡಿಸೆಂಬರ್ ಆಗಿತ್ತು. 2024ರ ಮೇ ತಿಂಗಳಲ್ಲಿ ಆ ಜಾಲ ನಡೆಸುವ ಬಿಟಿ ಕಂಪನಿ ಗಡುವನ್ನು ಒಂದು ವರ್ಷಕ್ಕೂ ಮಿಕ್ಕಿ ಮುಂದೂಡಿತು. ಆ ದಿನ ಕಳೆದ ಮೇಲೆ ಗೋಡೆಯ ಹಳೆಯ ಸಾಕೆಟ್ಟಿಗೆ ಫೋನು ಸಿಕ್ಕಿಸಿದರೆ ಡಯಲ್ ಟೋನ್ ಬರುವುದಿಲ್ಲ. ಫೋನಿನ ವೈರನ್ನು ಬ್ರಾಡ್‌ಬ್ಯಾಂಡ್ ರೂಟರಿಗೆ ಚುಚ್ಚಬೇಕು, ಮಾತು ಇಂಟರ್‌ನೆಟ್ಟಿನ ದಾರಿ ಹಿಡಿಯುತ್ತದೆ. ನಂಬರು ಅದೇ, ಉಪಕರಣವೂ ಬಹುಪಾಲು ಅದೇ, ದನಿ ಮೊದಲಿಗಿಂತ ಚೊಕ್ಕ. ಇಷ್ಟಕ್ಕೆ ತಕರಾರೇಕೆ ಎಂದು ಯಾರಿಗಾದರೂ ಅನ್ನಿಸೀತು.

ತಕರಾರು ಮಾಡುವವರಲ್ಲಿ ವಯಸ್ಸಾದವರೇ ಹೆಚ್ಚು. ಹಾಗಾಗಿ ಅವರನ್ನು ಹಳೆಯದಕ್ಕೆ ಅಂಟಿಕೊಂಡವರೆಂದು ಬದಿಗೆ ಸರಿಸಿಬಿಡುವುದು ಸುಲಭ. ಅವರು ಕೇಳುತ್ತಿರುವುದು ಮಾತ್ರ ಬಹಳ ಸರಳವಾದ ಪ್ರಶ್ನೆ: ಕರೆಂಟು ಹೋದರೆ ಈ ಫೋನು ಕೆಲಸ ಮಾಡುತ್ತದೆಯೇ? ಮಾಡುವುದಿಲ್ಲ. ಹಳೆಯದು ಮಾಡುತ್ತಿತ್ತು. ನನ್ನ ಮಟ್ಟಿಗೆ ಇಡೀ ವಿವಾದದ ತಿರುಳು ಇದೇ.

ಈ ಬದಲಾವಣೆಯನ್ನು ‘ಡಿಜಿಟಲ್ ದೂರವಾಣಿಗೆ ಪ್ರಯಾಣ’ ಎಂದು ಸಾರುವುದರಲ್ಲಿ ಒಂದು ಚಮತ್ಕಾರವಿದೆ. ಬ್ರಿಟನ್ನಿನ ದೂರವಾಣಿ ಎಕ್ಸ್‌ಚೇಂಜುಗಳು ಡಿಜಿಟಲ್ ಆಗತೊಡಗಿದ್ದು 1980ರಲ್ಲಿ, ಸಿಸ್ಟಂ ಎಕ್ಸ್ ಎಂಬ ಸ್ವಿಚ್ ಬಂದಾಗ. ಕೊನೆಯ ಅನಲಾಗ್ ಎಕ್ಸ್‌ಚೇಂಜನ್ನು 1998ರಲ್ಲೇ ಮುಚ್ಚಲಾಯಿತು. ಅಂದರೆ ಕಾಲು ಶತಮಾನದಿಂದ ಅಲ್ಲಿನ ಮಾತೆಲ್ಲ ಎಕ್ಸ್‌ಚೇಂಜ್ ಮುಟ್ಟಿದ ಕೂಡಲೇ ಸೊನ್ನೆ-ಒಂದುಗಳಾಗಿಯೇ ಓಡುತ್ತಿದೆ. ಅನಲಾಗ್ ಆಗಿ ಉಳಿದದ್ದು ಎಕ್ಸ್‌ಚೇಂಜಿನಿಂದ ಮನೆಯವರೆಗಿನ ಕೆಲವೇ ಕಿಲೋಮೀಟರ್, ಹೆಣೆದ ಒಂದು ಜೋಡಿ ತಾಮ್ರದ ತಂತಿ. ಈಗ ಹೋಗುತ್ತಿರುವುದು ಆ ಕೊನೆಯ ತುಂಡು, ಮತ್ತು ಅದರಲ್ಲಿ ಹರಿಯುತ್ತಿದ್ದ ಕರೆಂಟು.

ಆ ಕರೆಂಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಫೋನಿಗೆ ಮನೆಯ ವಿದ್ಯುತ್ತಿನ ಹಂಗಿಲ್ಲ. ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಜೋಡಿಸಿಟ್ಟ ಸೀಸ-ಆಮ್ಲದ ಬ್ಯಾಟರಿಗಳಿಂದ ಸುಮಾರು 50 ವೋಲ್ಟಿನ ನೇರ ವಿದ್ಯುತ್ತು ಅದೇ ತಾಮ್ರದ ಜೋಡಿಯ ಮೇಲೆ ಪ್ರತಿ ಮನೆಗೂ ಬರುತ್ತದೆ. ರಿಸೀವರ್ ಎತ್ತಿದೊಡನೆ ಆ ಸುತ್ತು ಪೂರ್ತಿಯಾಗಿ ಕರೆಂಟು ಹರಿಯುತ್ತದೆ, ಯಾರೋ ಫೋನೆತ್ತಿದರು ಎಂದು ಎಕ್ಸ್‌ಚೇಂಜಿಗೆ ತಿಳಿಯುವುದೇ ಹಾಗೆ. ಗಂಟೆ ಬಾರಿಸಲು ಬೇಕಾದ ಹೆಚ್ಚಿನ ವೋಲ್ಟೇಜೂ ಅಲ್ಲಿಂದಲೇ ಬರುತ್ತದೆ. ಊರಿನ ವಿದ್ಯುತ್ತು ಹೋದರೆ ಬ್ಯಾಟರಿ ಗಂಟೆಗಟ್ಟಲೆ ತಡೆಯುತ್ತದೆ, ಅಷ್ಟರೊಳಗೆ ಡೀಸೆಲ್ ಜನರೇಟರ್ ಶುರುವಾಗುತ್ತದೆ. ಡೀಸೆಲ್ ತುಂಬಿಸುವವರು, ಬ್ಯಾಟರಿಯ ನೀರು ನೋಡುವವರು ಕಂಪನಿಯವರು. ಮನೆಯಲ್ಲಿ ಕತ್ತಲಲ್ಲಿ ಕೂತ ಅಜ್ಜಿಗೆ ಇದಾವುದೂ ಗೊತ್ತಿರಬೇಕಾಗಿಲ್ಲ.

ಮೊದಲಿನಿಂದಲೂ ಹೀಗೇ ಇರಲಿಲ್ಲ ಎಂಬುದು ಇಲ್ಲಿ ಸ್ವಾರಸ್ಯದ ಸಂಗತಿ. 19ನೇ ಶತಮಾನದ ಫೋನುಗಳಲ್ಲಿ ಪ್ರತಿ ಮನೆಯ ಪೆಟ್ಟಿಗೆಯೊಳಗೂ ಅದರದೇ ಬ್ಯಾಟರಿ ಇರುತ್ತಿತ್ತು. ಎಕ್ಸ್‌ಚೇಂಜನ್ನು ಕರೆಯಲು ಪಕ್ಕದ ಹಿಡಿಕೆಯನ್ನು ಗರಗರ ತಿರುಗಿಸಬೇಕಿತ್ತು. ಬ್ಯಾಟರಿ ಒಣಗಿದರೆ ಫೋನು ಮೂಕ. ಸಾವಿರಾರು ಮನೆಗಳ ಬ್ಯಾಟರಿ ನೋಡಿಕೊಳ್ಳುವ ತಲೆನೋವು ತಾಳಲಾರದೆ ಕಂಪನಿಗಳೇ 1890ರ ದಶಕದಿಂದ ಬ್ಯಾಟರಿಗಳನ್ನೆಲ್ಲ ಎಕ್ಸ್‌ಚೇಂಜಿಗೆ ಒಯ್ದು ಒಂದೇ ಕಡೆ ಇಟ್ಟವು. ಉದ್ದೇಶ ಖರ್ಚು ಉಳಿಸುವುದಾಗಿತ್ತು. ಅದರ ಜೊತೆಗೇ ಯಾರೂ ಬೇಡದ ಒಂದು ಸಾರ್ವಜನಿಕ ಉಪಕಾರವೂ ಆಗಿಹೋಯಿತು: ಫೋನಿಗೆ ಕರೆಂಟು ಒದಗಿಸುವ ಹೊಣೆ ಮನೆಯವರ ಹೆಗಲಿನಿಂದ ಕಂಪನಿಯ ಹೆಗಲಿಗೆ ಹೋಯಿತು. ನೂರಕ್ಕೂ ಹೆಚ್ಚು ವರ್ಷ ಅಲ್ಲಿಯೇ ಇತ್ತು. ಈಗ ಸದ್ದಿಲ್ಲದೆ ಮನೆಗೆ ಮರಳುತ್ತಿದೆ. ಆಪ್ಟಿಕಲ್ ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಬೆಳಕು ಹೋಗುತ್ತದೆಯೇ ಹೊರತು ಕರೆಂಟು ಹೋಗುವುದಿಲ್ಲ. ಬೆಳಕನ್ನು ಮಾತಾಗಿಸುವ ಪೆಟ್ಟಿಗೆಗೂ ರೂಟರಿಗೂ ಮನೆಯ ಪ್ಲಗ್ಗೇ ಗತಿ. ಇನ್ನೂ ಫೈಬರ್ ತಲುಪದ ಎಷ್ಟೋ ಬ್ರಿಟಿಷ್ ಮನೆಗಳಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿರುವುದು ಅದೇ ಹಳೆಯ ತಾಮ್ರದ ಮೇಲೆ. ತಂತಿ ಇದೆ, ಅದರ ಮೇಲಿನ 50 ವೋಲ್ಟು ಇಲ್ಲ. ಆದ್ದರಿಂದ ‘ತಾಮ್ರ ಉಳಿಸಿ’ ಎನ್ನುವವರು ಲೋಹವೊಂದರ ಮೋಹಕ್ಕೆ ಬಿದ್ದಿದ್ದಾರೆ ಎಂದು ತಿಳಿಯಬೇಕಾಗಿಲ್ಲ.

ಹೊಣೆ ಮನೆಗೆ ಬಂದಾಗ ಕಂಪನಿಯ ಪಾಲಿಗೆ ಉಳಿದದ್ದು ಎಷ್ಟು? ಒಂದು ಗಂಟೆ. ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಮನೆಯ ವಿದ್ಯುತ್ತು ಹೋದಾಗ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಆಗುವಂತಹ ಒಂದು ಏರ್ಪಾಡನ್ನು ಕಂಪನಿ ಕೊಡಬೇಕು. ಲ್ಯಾಂಡ್‌ಲೈನನ್ನೇ ನೆಚ್ಚಿಕೊಂಡವರಿಗೆ ಅದು ಉಚಿತ. ಬಹುಪಾಲು ವಿದ್ಯುತ್ ಕಡಿತಗಳು ಚಿಕ್ಕವೇ ಆಗಿರುತ್ತವೆ, ನಿಜ. ಆದರೆ ಫೋನು ಜೀವ ಉಳಿಸಬೇಕಾಗಿ ಬರುವ ರಾತ್ರಿಗಳು ಸರಾಸರಿಯ ಲೆಕ್ಕಕ್ಕೆ ಸಿಗುವಂಥವಲ್ಲ. 2021ರ ನವೆಂಬರ್ ಕೊನೆಯಲ್ಲಿ ಆರ್ವೆನ್ ಚಂಡಮಾರುತ ಉತ್ತರ ಇಂಗ್ಲೆಂಡ್ ಮತ್ತು ಪೂರ್ವ ಸ್ಕಾಟ್ಲೆಂಡಿನ ಮೇಲೆ ಎರಗಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳ ವಿದ್ಯುತ್ತು ಹೋಯಿತು. ಸಾವಿರಾರು ಮನೆಗಳಿಗೆ ಅದು ಮರಳಿ ಬರಲು ವಾರದ ಮೇಲಾಯಿತು. 2025ರ ಜನವರಿ 24ರಂದು ಐರ್ಲೆಂಡಿನಲ್ಲಿ ಎಯೋವಿನ್ ಚಂಡಮಾರುತ ಏಳು ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳನ್ನು ಕತ್ತಲಿಗೆ ದೂಡಿತು. ಕೆಲವು ಊರುಗಳಲ್ಲಿ ಕತ್ತಲು ಎರಡು ವಾರ ದಾಟಿತು. ಇಂತಹ ಕಡೆ ಒಂದು ಗಂಟೆಯ ಬ್ಯಾಟರಿ ಯಾವ ಮೂಲೆಗೆ?

2022ರ ಫೆಬ್ರುವರಿಯಲ್ಲಿ ಯೂನಿಸ್ ಚಂಡಮಾರುತವೂ ಬಂದು ಹೋದ ಮೇಲೆ ಬಿಟಿ ಈ ಬದಲಾವಣೆಯನ್ನು ತಾನಾಗಿಯೇ ಕೆಲಕಾಲ ನಿಲ್ಲಿಸಿತು. 2023ರ ಕೊನೆಯಲ್ಲಿ ಇನ್ನೂ ಕೆಟ್ಟ ಸುದ್ದಿ ಬಂತು. ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ 18 ಲಕ್ಷ ಜನ ಟೆಲಿಕೇರ್ ಬಳಸುತ್ತಾರೆ. ಕೊರಳಲ್ಲೋ ಕೈಯಲ್ಲೋ ಒಂದು ಗುಂಡಿ ಇರುತ್ತದೆ. ಜಾರಿ ಬಿದ್ದವರು ಅದನ್ನು ಒತ್ತಿದರೆ ಫೋನ್ ಲೈನಿನ ಮೂಲಕ ಸಹಾಯಕೇಂದ್ರಕ್ಕೆ ಕರೆ ಹೋಗುತ್ತದೆ. ಹೊಸ ಲೈನಿಗೆ ಬದಲಾದ ವರ್ಜಿನ್ ಮೀಡಿಯಾ ಗ್ರಾಹಕರ ಮನೆಗಳಲ್ಲಿ ಈ ಗುಂಡಿಗಳು ಕೈಕೊಟ್ಟ ಗಂಭೀರ ಪ್ರಸಂಗಗಳು ಬೆಳಕಿಗೆ ಬಂದವು. ಸರ್ಕಾರ ಕಂಪನಿಗಳನ್ನು ಕರೆಸಿ, ದುರ್ಬಲರನ್ನು ಬಲವಂತವಾಗಿ ಬದಲಾಯಿಸುವುದಿಲ್ಲ ಎಂಬ ವಾಗ್ದಾನಕ್ಕೆ ಸಹಿ ಹಾಕಿಸಿತು. ಆಫ್‌ಕಾಮ್ ತನಿಖೆ ನಡೆಸಿ 2025ರ ಡಿಸೆಂಬರಿನಲ್ಲಿ ವರ್ಜಿನ್ ಮೀಡಿಯಾಕ್ಕೆ 2.38 ಕೋಟಿ ಪೌಂಡ್ ದಂಡ ವಿಧಿಸಿತು. ಟೆಲಿಕೇರ್ ಬಳಸುವವರು ಯಾರು ಯಾರು ಎಂಬುದನ್ನೇ ಕಂಪನಿ ಸರಿಯಾಗಿ ಗುರುತಿಸಿರಲಿಲ್ಲ. ಕಾಗದಕ್ಕೆ ಉತ್ತರ ಕೊಡದವರ ಲೈನು ಕತ್ತರಿಸುವಾಗ, ಉತ್ತರ ಬರೆಯಲಾಗದ ಸ್ಥಿತಿಯಲ್ಲಿರುವವರೇ ಆ ಪಟ್ಟಿಯಲ್ಲಿ ಹೆಚ್ಚಿರಬಹುದೆಂದು ಯಾರಿಗೂ ಹೊಳೆಯಲಿಲ್ಲವೇ?

ಕಂಪನಿಗಳ ವಾದದಲ್ಲೂ ಹುರುಳಿದೆ. ಅದನ್ನು ಹಗುರವಾಗಿ ತಳ್ಳಿಹಾಕುವ ತಾಮ್ರಪ್ರೇಮಿಗಳ ಜೊತೆ ನಾನಿಲ್ಲ. ಸಿಸ್ಟಂ ಎಕ್ಸ್‌ನಂತಹ ಸ್ವಿಚ್‌ಗಳಿಗೆ ಬಿಡಿಭಾಗ ತಯಾರಿಸುವವರು ಈಗಿಲ್ಲ. ಒಂದು ಎಕ್ಸ್‌ಚೇಂಜಿನಿಂದ ಕಳಚಿದ ಕಾರ್ಡನ್ನು ಇನ್ನೊಂದಕ್ಕೆ ತೊಡಿಸಿ ದಿನ ದೂಡಬೇಕು. ಅವುಗಳ ಒಳಹೊರಗು ಬಲ್ಲ ಎಂಜಿನಿಯರುಗಳು ನಿವೃತ್ತರಾಗುತ್ತಿದ್ದಾರೆ, ಹಳೆಯ ಜಾಲದಲ್ಲಿ ದೋಷಗಳು ವರ್ಷದಿಂದ ವರ್ಷಕ್ಕೆ ಏರುತ್ತಿವೆ. ನಾಳೆ ಕುಸಿಯಲಿರುವ ಜಾಲವನ್ನು ಸುರಕ್ಷತೆಯ ಹೆಸರಿನಲ್ಲಿ ನೆಚ್ಚಿಕೊಳ್ಳುವುದು ಅಪಾಯವೇ. ಮರವೊಂದು ವಿದ್ಯುತ್ ತಂತಿಯ ಮೇಲೆ ಬಿದ್ದಾಗ ಪಕ್ಕದ ಫೋನ್ ತಂತಿಯನ್ನು ಅದು ನೋಯಿಸದೆ ಬಿಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಈಗಾಗಲೇ ಕಾರ್ಡ್‌ಲೆಸ್ ಫೋನಿದೆ. ಅದಕ್ಕೆ ಮನೆಯ ಕರೆಂಟು ಬೇಕೇ ಬೇಕು, ಅಂಥವರಿಗೆ ತಾಮ್ರದ ಈ ಗುಣದ ಲಾಭ ಸಿಕ್ಕೇ ಇರಲಿಲ್ಲ. 2011ರಲ್ಲಿ ಜಪಾನಿನ ಈಶಾನ್ಯದಲ್ಲಿ ಭೂಕಂಪ ಮತ್ತು ಸುನಾಮಿ ಬಡಿದಾಗ ವಿದ್ಯುತ್ತು ದಿನಗಟ್ಟಲೆ ಬಾರದೆ ಎಕ್ಸ್‌ಚೇಂಜಿನ ಬ್ಯಾಟರಿಗಳೂ ಬರಿದಾದವು. ತಾಮ್ರ ಅಮೃತ ಕುಡಿದು ಬಂದದ್ದೇನಲ್ಲ.

ಆದರೆ ಈ ವಾದದಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಲಾಗಿದೆ. ಮುದಿಯಾಗಿರುವುದು ಎಕ್ಸ್‌ಚೇಂಜಿನೊಳಗಿನ ಸ್ವಿಚ್. ಮನೆಗೆ ಬರುವ ತಂತಿಯನ್ನೂ ಅದಕ್ಕೆ ಕರೆಂಟು ತುಂಬುವ ಬ್ಯಾಟರಿಯನ್ನೂ ಅದರ ಜೊತೆಗೆ ಹೂಳಲೇಬೇಕೆಂಬ ನಿಯಮವೇನೂ ಎಂಜಿನಿಯರಿಂಗಿನಲ್ಲಿಲ್ಲ. ಇದಕ್ಕೆ ಜಪಾನೇ ಸಾಕ್ಷಿ. ಅಲ್ಲಿನ ಎನ್‌ಟಿಟಿ ಕಂಪನಿಗೂ ಹಳೆಯ ಸ್ವಿಚ್‌ಗಳ ಇದೇ ಸಮಸ್ಯೆಯಿತ್ತು. 2024ರ ಜನವರಿಯಿಂದ ಒಂದು ವರ್ಷದ ಅವಧಿಯಲ್ಲಿ ಅದು ಸ್ಥಿರ ದೂರವಾಣಿಯ ಒಳಜಾಲವನ್ನೆಲ್ಲ ಇಂಟರ್‌ನೆಟ್ ಮಾದರಿಗೆ ಬದಲಾಯಿಸಿತು, ಮನೆಯ ತಾಮ್ರವನ್ನು ಮುಟ್ಟಲಿಲ್ಲ. ಗ್ರಾಹಕರ ಮನೆಗೆ ಯಾರೂ ಬರಬೇಕಾಗಲಿಲ್ಲ, ಹಳೆಯ ಫೋನು ಹಾಗೇ ಉಳಿಯಿತು, ಲೈನಿನ ಕರೆಂಟೂ ಎಕ್ಸ್‌ಚೇಂಜಿನಿಂದಲೇ ಬರುತ್ತಿದೆ. ತಾಮ್ರಕ್ಕೆ ಅಲ್ಲೂ ವಿದಾಯವಿದೆ, ಅದು 2035ರ ಸುಮಾರಿಗೆ. ಸ್ವಿಚ್ ಬದಲಾಯಿಸುವುದು ಮತ್ತು ತಂತಿ ಕೀಳುವುದು ಎರಡು ಬೇರೆ ನಿರ್ಧಾರಗಳಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಅಷ್ಟು ದೂರವೂ ಹೋಗಬೇಕಾಗಿಲ್ಲ. ಬಿಟಿ ಸ್ವತಃ 2024ರಿಂದ ಬ್ರಾಡ್‌ಬ್ಯಾಂಡ್ ಇಲ್ಲದ ಗ್ರಾಹಕರಿಗೆ ಇಂಥದೇ ಒಂದು ತಾತ್ಕಾಲಿಕ ಲೈನು ಕೊಡುತ್ತಿದೆ. ಎಕ್ಸ್‌ಚೇಂಜಿನಲ್ಲಿ ಹೊಸ ಉಪಕರಣ ಕೂರಿಸಿ, ಹಳೆಯ ತಾಮ್ರದ ಮೇಲೆ ಹಳೆಯ ಫೋನು ಹಿಂದಿನಂತೆಯೇ ಕೆಲಸ ಮಾಡುವ ಹಾಗೆ ಮಾಡುವುದು ಅದರ ಉಪಾಯ. ಅಂದಮೇಲೆ ಅದು ತಾಂತ್ರಿಕವಾಗಿ ಆಗದ ಮಾತಲ್ಲ, ಮಾರುಕಟ್ಟೆಯಲ್ಲಿ ಸಿಗುವ ಸಾಮಾನು. ಅದಕ್ಕೆ ಹಾಕಿರುವ ಗಡುವು ಮಾತ್ರ 2030. ಆ ಇಸವಿಯ ಹಿಂದೆ ಇರುವುದು ಕಂಪನಿಯ ಹೂಡಿಕೆಯ ಲೆಕ್ಕ. ಬ್ರಿಟನ್ನಿನ ಸುಮಾರು 5,600 ಎಕ್ಸ್‌ಚೇಂಜುಗಳನ್ನು ಸಾವಿರದ ಆಸುಪಾಸಿಗೆ ಇಳಿಸುವ ಯೋಜನೆಯಿದೆ, ಏಕೆಂದರೆ ಫೈಬರಿಗೆ ಅಷ್ಟು ಕಟ್ಟಡಗಳು ಬೇಕಿಲ್ಲ. ಕಟ್ಟಡ ಹೋದರೆ ಬ್ಯಾಟರಿಯ ಮನೆಯೂ ಹೋಯಿತು.

‘ಮೊಬೈಲ್ ಇದೆಯಲ್ಲ’ ಎನ್ನುವುದು ಎಲ್ಲರ ನಾಲಿಗೆಯ ತುದಿಯಲ್ಲಿರುವ ಉತ್ತರ. ಪೇಟೆಯವರಿಗೆ ಬಹುಪಾಲು ಸರಿಯಾದ ಉತ್ತರವೂ ಹೌದು. ಆದರೆ ಮೊಬೈಲ್ ಗೋಪುರಕ್ಕೂ ಅದೇ ವಿದ್ಯುತ್ತು ಬೇಕು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳೆರಡೂ ಒಟ್ಟಿಗೆ ಕತ್ತಲಾದಾಗ ಗೋಪುರಗಳ ಬ್ಯಾಟರಿಗಳು ಗಂಟೆಗಳು ಕಳೆದಂತೆ ಒಂದೊಂದಾಗಿ ಮುಗಿದು ಜನರ ಕೈಯಲ್ಲಿನ ಫೋನುಗಳು ಬರೀ ಗಡಿಯಾರಗಳಾದವು. ಕ್ಯಾಲಿಫೋರ್ನಿಯಾದಲ್ಲಿ 2019ರ ಅಕ್ಟೋಬರಿನಲ್ಲಿ ಕಾಳ್ಗಿಚ್ಚಿನ ಭಯದಿಂದ ವಿದ್ಯುತ್ ಕಂಪನಿಯೇ ಸರಬರಾಜು ನಿಲ್ಲಿಸಿತು, ಮರಿನ್ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಮೊಬೈಲ್ ಗೋಪುರಗಳು ಬಾಯಿ ಮುಚ್ಚಿದವು. ಆಮೇಲೆ ಅಲ್ಲಿನ ನಿಯಂತ್ರಕರು ಮಾಡಿದ್ದನ್ನು ಬ್ರಿಟನ್ ಗಮನಿಸಬೇಕು. ಬೆಂಕಿಯ ಅಪಾಯ ಹೆಚ್ಚಿರುವ ಪ್ರದೇಶಗಳ ಗೋಪುರಗಳಿಗೆ 72 ಗಂಟೆಯ ಬ್ಯಾಕಪ್ ಇರಲೇಬೇಕೆಂದು 2020ರಲ್ಲಿ ಆದೇಶಿಸಿದರು. ತಾಮ್ರದ ಲೈನು ಕೊಡುವ ಬಾಧ್ಯತೆಯಿಂದ ತನ್ನನ್ನು ಬಿಡುಗಡೆ ಮಾಡಿ ಎಂದು ಎಟಿ ಆ್ಯಂಡ್ ಟಿ ಕಂಪನಿ ಸಲ್ಲಿಸಿದ ಅರ್ಜಿಯನ್ನು 2024ರ ಜೂನ್‌ನಲ್ಲಿ ತಿರಸ್ಕರಿಸಿದರು. ಒಂದು ಗಂಟೆ ಮತ್ತು ಎಪ್ಪತ್ತೆರಡು ಗಂಟೆಯ ನಡುವಿನ ಅಂತರ ಭೌತಶಾಸ್ತ್ರ ತಂದಿಟ್ಟದ್ದಲ್ಲ. ಬ್ಯಾಟರಿಗೆ ಎಷ್ಟು ಖರ್ಚು ಮಾಡಬಹುದು, ಆ ಖರ್ಚು ಯಾರ ಮೇಲೆ ಬೀಳಬೇಕು ಎಂದು ಕೆಲವರು ಕುಳಿತು ತೀರ್ಮಾನಿಸಿದ್ದು.

ಕನ್ನಡದ ಓದುಗರಿಗೆ ಇದೆಲ್ಲ ಕೊಂಚ ವಿಚಿತ್ರವೆನಿಸಬಹುದು. ಕರೆಂಟು ಹೋಗುವುದನ್ನೇ ಇಷ್ಟು ದೊಡ್ಡ ಸಂಗತಿ ಮಾಡುವ ದೇಶವಿದೆಯೇ? ನಾವು ಕರೆಂಟಿನ ಹೊಣೆಯನ್ನು ಎಂದೋ ಮನೆಗೆ ತಂದುಕೊಂಡವರು. ಮೆಟ್ಟಿಲ ಕೆಳಗೋ ಹಜಾರದ ಮೂಲೆಯಲ್ಲೋ ಯುಪಿಎಸ್ ಇಟ್ಟು, ಅದರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿಕೊಂಡು ಬದುಕುತ್ತಿದ್ದೇವೆ. ಫೈಬರ್ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸಿದರೆ ಮುಗಿಯಿತು. ಬ್ರಿಟನ್ನಿನ ಸಾಮಾನ್ಯ ಮನೆಯಲ್ಲಿ ಯುಪಿಎಸ್ ಇರುವುದಿಲ್ಲ, ಇರಬೇಕಾದ ಪ್ರಸಂಗವೂ ಬಂದಿರಲಿಲ್ಲ. ನಂಬಿಕಸ್ತ ವ್ಯವಸ್ಥೆಯೊಳಗೆ ಬೆಳೆದವರೇ ಅದು ಕೈಬಿಟ್ಟಾಗ ಹೆಚ್ಚು ನಿರಾಧಾರರಾಗುತ್ತಾರೆ.

ನಮ್ಮಲ್ಲಿ ತಾಮ್ರದ ಕಥೆ ಬೇರೆಯ ರೀತಿಯಲ್ಲಿ ಮುಗಿಯುತ್ತಿದೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ 128 ಪೋರ್ಟುಗಳ ಮೊದಲ ಎಕ್ಸ್‌ಚೇಂಜು 1986ರ ಜುಲೈಯಲ್ಲಿ ಚಾಲೂ ಆದದ್ದು ನಮ್ಮ ಕಿತ್ತೂರಿನಲ್ಲಿ. ಏರ್ ಕಂಡೀಷನ್ ಇಲ್ಲದೆ, ಧೂಳು-ಸೆಕೆಯಲ್ಲಿ ನಡೆಯಬಲ್ಲ ಡಿಜಿಟಲ್ ಸ್ವಿಚ್ ಅದು. ಕೆಟ್ಟ ಕರೆಂಟಿನ ದೇಶಕ್ಕೆ ಎಂಥ ಫೋನು ಬೇಕು ಎಂದು ಮೊದಲಿನಿಂದ ಯೋಚಿಸಿ ಮಾಡಿದ್ದು. ಅಂತಹ ಜಾಲಕ್ಕೆ ಇಲ್ಲಿ ಯಾರೂ ಕೊನೆಯ ದಿನಾಂಕ ಘೋಷಿಸಲಿಲ್ಲ, ವಿಚಾರಣೆ ನಡೆಸಲಿಲ್ಲ. ಕೇಬಲ್ ಅಗೆದುಹೋದಲ್ಲಿ ಜೋಡಿಸುವವರು ಬರಲಿಲ್ಲ, ಅಷ್ಟೆ. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಪಡೆದು ಹೊರನಡೆದಾಗ ಯಾವ ಕಂಬದಿಂದ ಯಾವ ಮನೆಗೆ ಯಾವ ಜೋಡಿ ಹೋಗಿದೆ ಎಂಬ ಲೈನ್‌ಮನ್‌ಗಳ ಬಾಯಿಪಾಠವೂ ಅವರೊಡನೆ ಹೋಯಿತು. ಅದೇ ವರ್ಷ ಕೊರೋನಾ ಬಂತು. ಮಲೆನಾಡಿನ ಮಕ್ಕಳು ಆನ್‌ಲೈನ್ ತರಗತಿಗಾಗಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ್ದನ್ನು ಪತ್ರಿಕೆಗಳಲ್ಲಿ ಕಂಡೆವು. ಇಂಟರ್‌ನೆಟ್ಟಿನ ಮಾತು ಬಿಡಿ, ಆಳುದ್ದ ಮಳೆ ಸುರಿಯುವ ಆ ಊರುಗಳಲ್ಲಿ ರಾತ್ರಿ ಆಂಬುಲೆನ್ಸಿಗೆ ಫೋನು ಮಾಡಲು ಯಾವ ಲೈನಿದೆ ಎಂದು ಕೇಳಿದವರು ಕಡಿಮೆ. ಬ್ರಿಟನ್ನಿನಲ್ಲಿ ಕನಿಷ್ಠ ಜಗಳ ನಡೆಯುತ್ತಿದೆ. ಜಗಳದಿಂದಾಗಿ ಗಡುವು ಮುಂದೆ ಹೋಯಿತು, ದಂಡ ಬಿತ್ತು, ತಾತ್ಕಾಲಿಕ ಲೈನು ಹುಟ್ಟಿತು. ಸದ್ದಿಲ್ಲದೆ ಸತ್ತ ಜಾಲಕ್ಕೆ ಇದಾವುದೂ ಸಿಗುವುದಿಲ್ಲ.

ಹಾಗಾದರೆ ಯಾರ ಮನೆಯ ತಾಮ್ರ ಉಳಿಯಬೇಕು? ಎಲ್ಲರದ್ದೂ ಅಲ್ಲ. ಮನೆಯೊಳಗೆ ಮೊಬೈಲ್ ಸಿಗ್ನಲ್ ಗಟ್ಟಿಯಾಗಿದ್ದು, ಹತ್ತಿರದ ಗೋಪುರಕ್ಕೆ ಒಂದೆರಡು ದಿನದ ಬ್ಯಾಕಪ್ ಇರುವೆಡೆ ತಾಮ್ರವನ್ನು ನಾಳೆಯೇ ಕಿತ್ತರೂ ನಷ್ಟವಿಲ್ಲ. ನಾರ್ಥಂಬರ್‌ಲ್ಯಾಂಡಿನ ಕಣಿವೆಯ ತೋಟದ ಮನೆ, ಸ್ಕಾಟಿಷ್ ದ್ವೀಪ, ಬಿರುಗಾಳಿಗೆ ವಾರಗಟ್ಟಲೆ ಕತ್ತಲಾಗುವ ದಾಖಲೆಯಿರುವ ಊರುಗಳಲ್ಲಿ ಎಕ್ಸ್‌ಚೇಂಜಿನ ಕರೆಂಟು ಹೊತ್ತ ಲೈನನ್ನು 2030ರ ಆಚೆಗೂ ಕೇಳಿದವರಿಗೆ ಕೊಡಬೇಕು, ಹೊಸ ಉಪಕರಣದ ಮೇಲೆ, ಜಪಾನಿನ ಮಾದರಿಯಲ್ಲಿ. ಟೆಲಿಕೇರ್ ಇರುವ ಮನೆಯಲ್ಲಿ ಹೊಸ ಲೈನಿನ ಮೇಲೆ, ವಿದ್ಯುತ್ತು ತೆಗೆದು, ಗುಂಡಿ ಒತ್ತಿ, ಆ ಕಡೆಯಿಂದ ದನಿ ಬಂದದ್ದನ್ನು ಕೇಳಿಸಿಕೊಂಡ ಮೇಲೆಯೇ ಹಳೆಯದನ್ನು ತೆಗೆಯಬೇಕು. ಕೆಲಸ ಸಣ್ಣದು, ಒಬ್ಬ ಮನುಷ್ಯ ಮನೆಗೆ ಬಂದು ನಿಂತು ಮಾಡಬೇಕು, ಅದಕ್ಕೇ ಅದು ದುಬಾರಿ.

ದುಡ್ಡಿನ ಮಾತಿಗೆ ಬಂದರೆ, ಕಡಿಮೆಯಾಗುತ್ತಿರುವ ಲ್ಯಾಂಡ್‌ಲೈನ್ ಚಂದಾದಾರರ ಮೇಲೆಯೇ ಈ ಖರ್ಚು ಹೇರಿದರೆ ಪ್ರತಿ ಲೈನಿನ ಬೆಲೆ ಏರುತ್ತ ಹೋಗಿ, ಕೊನೆಗೆ ಉಳಿಸಬೇಕಾದವರೇ ಅದನ್ನು ಬಿಟ್ಟು ಓಡುತ್ತಾರೆ. ಹಾಗಾಗಿ ಅದು ಎಲ್ಲ ಬ್ರಾಡ್‌ಬ್ಯಾಂಡ್ ಬಿಲ್ಲುಗಳ ಮೇಲೂ ಹರಡಬೇಕಾದ ಖರ್ಚು. ತಾಮ್ರವೇ ತನ್ನ ಪಾಲು ಕೊಡಬಲ್ಲದು ಎಂಬುದು ಇನ್ನೊಂದು ವಿಷಯ. ಕೀಳುವ ಕೇಬಲಿನ ತಾಮ್ರಕ್ಕೆ ಮುಂಗಡವಾಗಿ ಬಿಟಿ ಈಗಾಗಲೇ ಗುಜರಿ ಕಂಪನಿಯೊಂದರಿಂದ 10.5 ಕೋಟಿ ಪೌಂಡ್ ಪಡೆದಿದೆ. ಹಿಂದೊಮ್ಮೆ ಸಾರ್ವಜನಿಕ ಸಂಸ್ಥೆಯಾಗಿದ್ದಾಗ ಜನರ ದುಡ್ಡಿನಲ್ಲೇ ಬಹುಭಾಗ ನೆಲದೊಳಗೆ ಹೋದ ಲೋಹ ಅದು. ಅದರ ಬೆಲೆಯಲ್ಲಿ ಒಂದು ಭಾಗ ಹಳ್ಳಿಗಾಡಿನ ಗೋಪುರಗಳ ಬ್ಯಾಟರಿಗೆ ಹೋಗಬೇಕೆಂದು ಸರ್ಕಾರ ಕೇಳಬಹುದು, ಈವರೆಗೆ ಕೇಳಿದಂತಿಲ್ಲ. ಯಾವ ಊರಿನ ತಂತಿಯನ್ನು ಮೊದಲು ಕೀಳಬೇಕೆಂಬ ಅನುಕ್ರಮವನ್ನು ಸದ್ಯ ಫೈಬರ್ ಎಲ್ಲಿ ಮೊದಲು ತಲುಪಿತು ಎಂಬುದು ನಿರ್ಧರಿಸುತ್ತಿದೆ. ಅದನ್ನು ಕತ್ತಲಿನ ದಾಖಲೆ ನೋಡಿ ನಿರ್ಧರಿಸುವ ಅಧಿಕಾರ ಆಫ್‌ಕಾಮ್ ಕೈಗೆ ಬರಬೇಕು, ಅದೂ 2027ರ ಜನವರಿಗೆ ಮುಂಚೆ.